ನರಗಳಿಗೆ ಮುಪ್ಪೋ, ನರಗಳಿಂದ ಮುಪ್ಪೋ?

ಮಾನ್ಯರೇ,

ವಯಸ್ಸಾದಂತೆ ನರಮಂಡಲ ಸೊರಗುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ‘ನರಗಳೇ ದೇಹಕ್ಕೆ ಮುಪ್ಪು ತರುತ್ತಿರಬಾರದೇಕೆ? ಹಾಗಿದ್ದರೆ ತಲೆಗೆ ಕೆಲಸ ಕಡಿಮೆ ಮಾಡಿದರೆ ಆಯಸ್ಸು ಹೆಚ್ಚೀತೇ?’ ಎಂದು ಕೇಳಿದ್ದೀರಿ. ನಿಮ್ಮ ಮೊದಲ ಪ್ರಶ್ನೆ ನಮ್ಮ ಲೇಖನಕ್ಕಿಂತ ಒಂದು ಹೆಜ್ಜೆ ಮುಂದಿದೆ.

ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳುವಿಗೆ ಇರುವುದು 302 ನರಕೋಶಗಳು. ವಾಸನೆ, ರುಚಿ ಗ್ರಹಿಸುವ ನರಗಳು ಕೆಟ್ಟಿರುವ ಹುಳುಗಳು ಹೆಚ್ಚು ಕಾಲ ಬದುಕುತ್ತವೆ ಎಂದು 1999ರಲ್ಲಿ ಅಮೆರಿಕದ ವಿಜ್ಞಾನಿ ಸಿಂಥಿಯಾ ಕೆನ್ಯನ್ ಅವರ ಪ್ರಯೋಗಾಲಯ ತೋರಿಸಿತು. ಕೆಟ್ಟದ್ದು ನರ, ಬದಲಾದದ್ದು ಇಡೀ ಜೀವಿಯ ಆಯಸ್ಸು! ಇಲಿಗಳ ವಿಷಯ ಇನ್ನೂ ಸ್ವಾರಸ್ಯದ್ದು. ಹಸಿವು, ನಿದ್ದೆ, ಹಾರ್ಮೋನುಗಳನ್ನು ನಿಯಂತ್ರಿಸುವ ಹೈಪೊಥಲಾಮಸ್ ಎಂಬ ಮಿದುಳಿನ ಸಣ್ಣ ಭಾಗದಲ್ಲಿ ವಯಸ್ಸಿನೊಂದಿಗೆ ಉರಿಯೂತ ಹೆಚ್ಚುತ್ತದೆ. 2013ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಲ್ಲಿ ಮಾತ್ರ ಅದನ್ನು ತಡೆದರು. ಇಲಿಗಳ ಸ್ನಾಯು, ಮೂಳೆ, ಚರ್ಮ ಎಲ್ಲಕ್ಕೂ ಮುಪ್ಪು ತಡವಾಗಿ ಬಂತು.

ಮನುಷ್ಯರಲ್ಲಿ ಇಂಥ ಪ್ರಯೋಗ ಸಾಧ್ಯವಿಲ್ಲ. ಆದರೆ 2019ರಲ್ಲಿ ಹಾರ್ವರ್ಡ್‌ನ ಬ್ರೂಸ್ ಯಾಂಕ್ನರ್ ತಂಡ ತೀರಿಕೊಂಡವರ ಮಿದುಳಿನ ಅಂಗಾಂಶ ಪರೀಕ್ಷಿಸಿದಾಗ, ನರಕೋಶಗಳನ್ನು ಉದ್ರೇಕಿಸುವ ಜೀನುಗಳು ದೀರ್ಘಾಯುಷಿಗಳಲ್ಲಿ ಕಡಿಮೆ ಚುರುಕಾಗಿದ್ದವು. ‘ಯೋಚನೆ ಆಯಸ್ಸು ತಿನ್ನುತ್ತದೆ’ ಎಂಬ ಅರ್ಥವನ್ನು ಇದರಿಂದ ತೆಗೆಯಲು ದಯವಿಟ್ಟು ಹೋಗಬೇಡಿ. ಇಲ್ಲಿ ಉದ್ರೇಕ ಎಂದರೆ ಕೋಶಗಳ ಮಟ್ಟದ ವಿದ್ಯುತ್ ಚಟುವಟಿಕೆ. ಪುಸ್ತಕ ಓದುವುದಕ್ಕೂ ಲೆಕ್ಕ ಬಿಡಿಸುವುದಕ್ಕೂ ಅದನ್ನು ಸಮೀಕರಿಸಲಾಗದು. ಹೆಚ್ಚು ಓದಿದವರಲ್ಲಿ, ಮನಸ್ಸನ್ನು ಚಟುವಟಿಕೆಯಲ್ಲಿ ಇಟ್ಟುಕೊಂಡವರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡುಬಂದಿದೆ. ‘ನರ ಶಾಂತಗೊಳಿಸಿ ಆಯಸ್ಸು ಹೆಚ್ಚಿಸುವ’ ಮಾತ್ರೆ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ಮುಪ್ಪಿನಲ್ಲಿ ಕಾಲು ಸೋಲುವುದರಲ್ಲೂ ನರಗಳ ಪಾಲಿದೆ. ಅರವತ್ತರ ನಂತರ ಬೆನ್ನುಹುರಿಯಲ್ಲಿದ್ದು ಸ್ನಾಯುಗಳನ್ನು ಆಡಿಸುವ ಚಾಲಕ ನರಕೋಶಗಳು ಕಡಿಮೆಯಾಗುತ್ತ ಹೋಗುತ್ತವೆ. ನಂಟು ಕಳೆದುಕೊಂಡ ಸ್ನಾಯುತಂತುಗಳಲ್ಲಿ ಕೆಲವನ್ನು ಪಕ್ಕದ ನರ ಕವಲೊಡೆದು ವಹಿಸಿಕೊಳ್ಳುತ್ತದೆ, ಉಳಿದವು ಕ್ಷೀಣಿಸುತ್ತವೆ. ಹಾಗಾಗಿ ನಡಿಗೆ, ಭಾರ ಎತ್ತುವ ವ್ಯಾಯಾಮಗಳು ಸ್ನಾಯುವಿಗಷ್ಟೇ ಅಲ್ಲ, ನರಕ್ಕೂ ಬೇಕು.

ಹುಳುವಿನ ಕಥೆ ಓದಿ ಇಂದ್ರಿಯ ಮಂದವಾದರೆ ಒಳ್ಳೆಯದೇ ಎಂದುಕೊಳ್ಳಬೇಡಿ. ನಮ್ಮಲ್ಲಿ ಕಿವಿ ಮಂದವಾಗುವುದು ಮರೆವಿನ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ ಅಂಶಗಳಲ್ಲಿ ಒಂದು. ವಯಸ್ಸಿನ ಗುಣ ಎಂದು ಸುಮ್ಮನಿರದೆ ಶ್ರವಣ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದರೆ ಶ್ರವಣ ಸಾಧನ ಹಾಕಿಕೊಳ್ಳಿ.

– ಸಂಪಾದಕ