ದೇವರ ಹೆಸರಿನಲ್ಲಿ ಕೊಟ್ಟ ಮಾತು ನೆರವೇರದಿದ್ದಾಗ

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಊರಿನಲ್ಲಿ ಶಾಲಾ ಶಿಕ್ಷಕಿ. ನಮ್ಮ ಸಭೆಯ ಸ್ತ್ರೀಯರ ಕೂಟವನ್ನು ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಕಾಯಿಲೆಯವರ ಮನೆಗೆ, ಕೆಲಸ ಕಳೆದುಕೊಂಡವರ ಮನೆಗೆ ಹೋಗಿ ಪ್ರಾರ್ಥಿಸಿ ಧೈರ್ಯ ಹೇಳುವುದು ದೇವರು ನನಗೆ ಕೊಟ್ಟ ಕೆಲಸವೆಂದೇ ನಂಬಿದ್ದೆ. ನನ್ನ ವಾರಗಿತ್ತಿ ಕಳೆದ ವರ್ಷ ಗರ್ಭಪಾತವಾಗಿ ಮೊದಲ ಮಗುವನ್ನು ಕಳೆದುಕೊಂಡಳು. ಈ ವರ್ಷ ಮತ್ತೆ ಗರ್ಭಿಣಿಯಾದಾಗ ಬಹಳ ಹೆದರಿದ್ದಳು. ಒಂದು ಸಂಜೆ ಅವಳಿಗಾಗಿ ಪ್ರಾರ್ಥಿಸುವಾಗ ನನ್ನ ಮನಸ್ಸು ತುಂಬಿ ಬಂದು, ‘ಈ ಕ್ರಿಸ್ಮಸ್ಸಿಗೆ ನಿನ್ನ ಮಡಿಲಲ್ಲಿ ಮಗು ಇರುತ್ತದೆಂದು ಕರ್ತನು ನನಗೆ ತಿಳಿಸಿದ್ದಾನೆ’ ಎಂದು ಹೇಳಿಬಿಟ್ಟೆ. ಮೂರನೆಯ ತಿಂಗಳಲ್ಲಿ ಆ ಗರ್ಭವೂ ನಿಲ್ಲಲಿಲ್ಲ. ಅಂದಿನಿಂದ ಅವಳು ಆರಾಧನೆಗೆ ಬರುತ್ತಿಲ್ಲ, ನನ್ನ ಫೋನ್ ಎತ್ತುತ್ತಿಲ್ಲ. ದಿನವೂ ವಾಟ್ಸಾಪ್‌ನಲ್ಲಿ ವಚನ ಕಳುಹಿಸುತ್ತಿದ್ದೆ. ‘ಅಕ್ಕಾ, ಇನ್ನು ನನಗ ವಚನ ಕಳಿಸಬ್ಯಾಡ್ರಿ’ ಎಂಬ ಒಂದೇ ಸಾಲಿನ ಉತ್ತರ ಬಂತು. ಅವಳ ವಿಶ್ವಾಸವೇ ಸಾಲದೆಂದು ಕೂಟದಲ್ಲಿ ಕೆಲವರು ಮಾತಾಡಿಕೊಳ್ಳುತ್ತಿದ್ದಾರೆ. ಬರುವ ತಿಂಗಳಿಂದ ಮನೆ ಪ್ರಾರ್ಥನಾ ಕೂಟವನ್ನೂ ನಾನೇ ನಡೆಸಬೇಕೆಂದು ಸಭಾಪಾಲಕರು ಹೇಳುತ್ತಿದ್ದಾರೆ. ಆ ಸಂಜೆ ಮಾತಾಡಿದ್ದು ದೇವರೋ, ನಾನೋ? ದೇವರ ನಡೆಸುವಿಕೆಯನ್ನು ಇನ್ನು ಹೇಗೆ ನಂಬಲಿ? ಅವಳ ಮನೆಗೆ ಹೋಗಲೇ, ಬೇಡವೇ? ಅವಳಿಗೆ ಮಗುವಾಗಲೆಂದು ಇನ್ನೂ ಪ್ರಾರ್ಥಿಸಬಹುದೇ?

ಉತ್ತರ: ಪ್ರಿಯ ಸಹೋದರಿ, ನಿಮ್ಮ ಮೊದಲ ಪ್ರಶ್ನೆಗೆ ಸುತ್ತುಬಳಸಿಲ್ಲದೆ ಉತ್ತರಿಸುವುದೇ ನಿಮಗೆ ನಾನು ತೋರಿಸಬಹುದಾದ ಗೌರವ ಎಂದುಕೊಳ್ಳುತ್ತೇನೆ. ಆ ಸಂಜೆ ಮಾತಾಡಿದ್ದು ನೀವು. ಹೆದರಿದ ಒಬ್ಬ ಹೆಣ್ಣುಮಗಳ ಎದುರಿಗೆ ಕುಳಿತಿದ್ದಾಗ, ಅವಳ ಹೆದರಿಕೆಯನ್ನು ಹೇಗಾದರೂ ಮಾಡಿ ಹೋಗಲಾಡಿಸಬೇಕೆಂಬ ನಿಮ್ಮ ಪ್ರೀತಿ ಮಾತಾಡಿತು, ಮತ್ತು ಆ ಪ್ರೀತಿಯ ಮಾತಿಗೆ ನೀವು ಕರ್ತನ ಹೆಸರನ್ನು ಸೇರಿಸಿದಿರಿ. ಪ್ರೀತಿಯಲ್ಲಿ ತಪ್ಪಿರಲಿಲ್ಲ, ಆ ಹೆಸರನ್ನು ಸೇರಿಸಿದ್ದರಲ್ಲಿ ಇತ್ತು.

ಇಂಥದ್ದು ಪ್ರವಾದಿಗಳಿಗೂ ಆಗಿದೆ. ದಾವೀದನು ದೇವಾಲಯ ಕಟ್ಟಬೇಕೆಂಬ ಆಸೆಯನ್ನು ಹೇಳಿಕೊಂಡಾಗ ಪ್ರವಾದಿ ನಾತಾನನು ದೇವರನ್ನು ವಿಚಾರಿಸುವ ಮೊದಲೇ, ಮನಸ್ಸಿಗೆ ಬಂದದ್ದನ್ನೆಲ್ಲಾ ಮಾಡು, ಯೆಹೋವನು ನಿನ್ನ ಸಂಗಡ ಇದ್ದಾನೆ ಎಂದುಬಿಟ್ಟನು. ಆಸೆ ಒಳ್ಳೆಯದಾಗಿತ್ತು, ಅರಸನು ಭಕ್ತನಾಗಿದ್ದನು, ಹುರಿದುಂಬಿಸುವ ಮಾತು ಸಹಜವಾಗಿಯೇ ಬಾಯಿಗೆ ಬಂತು. ಅದೇ ರಾತ್ರಿ ದೇವರು ನಾತಾನನಿಗೆ ಬೇರೆಯೇ ಮಾತನ್ನು ಹೇಳಿದನು: ಆಲಯವನ್ನು ಕಟ್ಟುವವನು ದಾವೀದನಲ್ಲ, ಅವನ ಮಗ. ಎರಡನೆಯ ಸಮುವೇಲನ ಏಳನೆಯ ಅಧ್ಯಾಯದಲ್ಲಿ ಇದನ್ನು ಓದುವಾಗ ನನಗೆ ಬಹಳ ಮುಖ್ಯವಾಗಿ ಕಾಣುವುದು ಮುಂದಿನ ಸಂಗತಿ. ನಾತಾನನು ತನ್ನ ಮಾತನ್ನು ಸಮರ್ಥಿಸಿಕೊಳ್ಳಲಿಲ್ಲ, ಅದಕ್ಕೊಂದು ಆತ್ಮಿಕ ಅರ್ಥ ಕಟ್ಟಲಿಲ್ಲ. ದಾವೀದನ ಬಳಿಗೆ ಹೋಗಿ ಕೇಳಿದ್ದನ್ನು ಕೇಳಿದಂತೆ ತಿಳಿಸಿದನು. ಅದರಿಂದ ಅವನ ಪ್ರವಾದಿತನವೇನೂ ಮುಗಿಯಲಿಲ್ಲ. ಮುಂದೆ ದಾವೀದನು ಪರರ ಹೆಂಡತಿಯಾದ ಬತ್ಷೆಬೆಯನ್ನು ತನ್ನವಳಾಗಿ ಮಾಡಿಕೊಂಡ ವಿಷಯದಲ್ಲಿ ಅದೇ ಅರಸನ ಎದುರು ನಿಂತು ಅವನ ಪಾಪವನ್ನು ಎತ್ತಿ ಹೇಳಲು ದೇವರು ಕಳುಹಿಸಿದ್ದು ಇದೇ ನಾತಾನನನ್ನು. ಆದುದರಿಂದ ಒಂದು ಮಾತು ಕೆಟ್ಟಿತೆಂದು ಹಲವು ವರ್ಷಗಳ ಸೇವೆಯೇ ಸುಳ್ಳೆಂದು ನೀವು ತೀರ್ಮಾನಿಸಬೇಕಾಗಿಲ್ಲ. ಆದರೆ ಹಿಂದಿರುಗಿ ಹೋಗಿ ಹೇಳಬೇಕಾದದ್ದನ್ನು ಹೇಳಲೇಬೇಕು.

ದೇವರ ನಡೆಸುವಿಕೆಯನ್ನು ನಂಬುವುದು ಹೇಗೆಂದು ಕೇಳಿದ್ದೀರಿ. ನೀವು ಕಳುಹಿಸಿದ ವಚನಗಳಲ್ಲಿ ಪ್ರವಾದಿ ಯೆರೆಮೀಯನ 29ನೆಯ ಅಧ್ಯಾಯದ 11ನೆಯ ವಚನವೂ ಇದ್ದಿರಬಹುದು. ನಮ್ಮ ಮನೆಗಳ ಕ್ಯಾಲೆಂಡರುಗಳಲ್ಲಿ, ಮೊಬೈಲುಗಳಲ್ಲಿ ಅದು ಇಲ್ಲದ ಕಡೆ ಇಲ್ಲ. ದೇವರು ತನ್ನ ಜನರ ಕುರಿತು ಮಾಡಿಕೊಂಡಿರುವ ಆಲೋಚನೆಗಳು ಕೇಡಿನವಲ್ಲ, ಹಿತದವು ಎಂಬ ಆ ವಾಗ್ದಾನವು ಬಾಬೆಲಿಗೆ ಸೆರೆಹೋಗಿದ್ದ ಯೆಹೂದ್ಯರಿಗೆ ಅವನು ಬರೆದ ಪತ್ರದಲ್ಲಿದೆ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿಯು ಎಲ್ಲರೂ ಎರಡೇ ವರ್ಷಗಳಲ್ಲಿ ಊರಿಗೆ ಮರಳುವರೆಂದು ದೇವರ ಹೆಸರಿನಲ್ಲಿ ಅವಧಿಯನ್ನೇ ಗೊತ್ತುಮಾಡಿ ಸಾರಿದ್ದನು. ಕೇಳಿದ ಯೆರೆಮೀಯನು ಆಮೆನ್, ಯೆಹೋವನು ಹಾಗೆಯೇ ಮಾಡಲಿ ಎಂದನು, ಏಕೆಂದರೆ ಅವನಿಗೂ ಅದೇ ಆಸೆಯಿತ್ತು. ಆದರೆ ಅವನು ಬರೆದು ಕಳುಹಿಸಬೇಕಾಗಿ ಬಂದ ಅವಧಿ 70 ವರ್ಷ. ಆ 70 ವರ್ಷಗಳಲ್ಲಿ ಏನು ಮಾಡಬೇಕೆಂಬುದಕ್ಕೆ ದೇವರು ಕೊಟ್ಟ ಮಾರ್ಗದರ್ಶನವಾದರೂ ಏನು? ಮನೆ ಕಟ್ಟಿಕೊಂಡು ವಾಸಿಸಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬುದು. ದೇವರು ನಡೆಸುತ್ತಾನೆಂದು ನಾವು ನಂಬುವಾಗ ಮುಂದಾಗುವುದು ನಮಗೆ ತಿಳಿಯುತ್ತದೆಂದು ನಿರೀಕ್ಷಿಸುತ್ತೇವೆ. ಆತನು ಹೆಚ್ಚಾಗಿ ತಿಳಿಸುವುದು ಈ ಹೊತ್ತು ಮಾಡಬೇಕಾದ ಕೆಲಸವನ್ನು, ಮತ್ತು ಆ ಕೆಲಸ ಬಹುಪಾಲು ಈಗಾಗಲೇ ಬರೆದಿರುವ ಆಜ್ಞೆಗಳಲ್ಲೇ ಇರುತ್ತದೆ. ಅಳುವವರ ಸಂಗಡ ಅಳಿರಿ ಎಂದು ಪೌಲನು ರೋಮಾಪುರದ ಸಭೆಗೆ ಬರೆದಿದ್ದಾನೆ. ನಿಮ್ಮ ವಾರಗಿತ್ತಿಯ ವಿಷಯದಲ್ಲಿ ನಿಮಗೆ ಬೇಕಾದ ನಡೆಸುವಿಕೆ ಇಷ್ಟೇ ಎಂದು ನಾನು ನಂಬುತ್ತೇನೆ. ಇದಕ್ಕಾಗಿ ದರ್ಶನವನ್ನು ಕಾಯಬೇಕಾಗಿಲ್ಲ.

ಹಾಗಾದರೆ ಅವಳ ಮನೆಗೆ ಹೋಗಬೇಕೇ? ಹೋಗಬೇಕು. ಹೇಗೆ ಹೋಗಬೇಕೆಂಬುದಕ್ಕೆ ಎರಡನೆಯ ಅರಸುಗಳ ನಾಲ್ಕನೆಯ ಅಧ್ಯಾಯವನ್ನು ನೀವು ಒಬ್ಬರೇ ಕುಳಿತು, ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಶೂನೇಮಿನ ಆ ಸ್ತ್ರೀಗೆ ಮಕ್ಕಳಿರಲಿಲ್ಲ. ಬರುವ ವರ್ಷ ಇದೇ ಕಾಲಕ್ಕೆ ನಿನಗೆ ಮಗನಿರುವನು ಎಂದು ಪ್ರವಾದಿ ಎಲೀಷನು ಹೇಳಿದಾಗ ಅವಳು ಸಂತೋಷಪಡಲಿಲ್ಲ. ದೇವರ ಮನುಷ್ಯನೇ, ನಿನ್ನ ದಾಸಿಗೆ ಸುಳ್ಳಾಡಬೇಡ ಎಂದು ಬೇಡಿಕೊಂಡಳು. ಆಸೆ ಹುಟ್ಟಿಸಿ ಕಿತ್ತುಕೊಳ್ಳುವುದು ಆಸೆಯೇ ಇಲ್ಲದಿರುವುದಕ್ಕಿಂತ ಕ್ರೂರವೆಂದು ಅವಳಿಗೆ ಗೊತ್ತಿತ್ತು. ಮಗ ಹುಟ್ಟಿದನು, ಬೆಳೆದನು, ಒಂದು ದಿನ ಕೊಯ್ಲಿನ ಹೊಲದಿಂದ ತಲೆನೋವೆಂದು ಬಂದವನು ಮಧ್ಯಾಹ್ನದ ಹೊತ್ತಿಗೆ ತಾಯಿಯ ತೊಡೆಯ ಮೇಲೆಯೇ ಸತ್ತನು. ಅವಳು ಕತ್ತೆಯ ಮೇಲೆ ಕುಳಿತು ಕರ್ಮೆಲ್ ಬೆಟ್ಟಕ್ಕೆ ಹೊರಟಳು. ದೂರದಿಂದ ಕಂಡ ಎಲೀಷನು ಸೇವಕನಾದ ಗೇಹಜಿಯನ್ನು ಕ್ಷೇಮ ಕೇಳಲು ಕಳುಹಿಸಿದಾಗ ಅವಳು ಕೊಟ್ಟ ಉತ್ತರ ಕ್ಷೇಮ ಎಂಬುದೇ. ಕೂಟದಿಂದ ಯಾರಾದರೂ ಹೋಗಿ ಕೇಳಿದರೆ ನಿಮ್ಮ ವಾರಗಿತ್ತಿಯೂ ‘ಆರಾಮ ಅದೀನ್ರಿ’ ಎಂದೇ ಹೇಳಿರುತ್ತಾಳೆ. ನಿಜವಾದ ಮಾತನ್ನು ಆ ತಾಯಿ ಇಟ್ಟುಕೊಂಡಿದ್ದುದು ವಾಗ್ದಾನ ಮಾಡಿದವನಿಗಾಗಿ. ಅವನ ಕಾಲು ಹಿಡಿದು, ಮಗನು ಬೇಕೆಂದು ನಾನು ಕೇಳಿಕೊಂಡೆನೋ, ನನ್ನನ್ನು ವಂಚಿಸಬೇಡವೆಂದು ಹೇಳಿರಲಿಲ್ಲವೋ ಎಂದು ಕೇಳಿದಳು.

ಗೇಹಜಿ ಅವಳನ್ನು ದೂಡಲು ಬಂದಾಗ ಎಲೀಷನು ತಡೆದನು: ಬಿಡು, ಅವಳ ಮನಸ್ಸು ಬಹಳ ನೊಂದಿದೆ, ಯೆಹೋವನು ಇದನ್ನು ನನಗೆ ತಿಳಿಸದೆ ಮರೆಮಾಡಿದ್ದಾನೆ. ಇಡೀ ದೇಶವೇ ಪ್ರವಾದಿಯೆಂದು ಒಪ್ಪಿದ್ದ ಮನುಷ್ಯನು ತನಗೆ ಗೊತ್ತಿಲ್ಲವೆಂದು, ದೇವರು ತನಗೆ ಹೇಳಿಲ್ಲವೆಂದು, ನೊಂದವಳ ಎದುರಿನಲ್ಲೇ ಒಪ್ಪಿಕೊಂಡನು. ಸಾಂತ್ವನ ಹೇಳುವವರ ಬಾಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ನಾನು ಬೈಬಲಿನಲ್ಲಿ ಹೆಚ್ಚು ಕಂಡಿಲ್ಲ. ಬಳಿಕ ಅವನು ತನ್ನ ಕೋಲನ್ನು ಗೇಹಜಿಯ ಕೈಯಲ್ಲಿ ಕೊಟ್ಟು ಹುಡುಗನ ಮುಖದ ಮೇಲಿಡಲು ಮುಂದಾಗಿ ಕಳುಹಿಸಿದನು, ಅದರಿಂದ ಏನೂ ಆಗಲಿಲ್ಲ. ತಾಯಿಗಂತೂ ಕೋಲು ಬೇಕಾಗಿರಲಿಲ್ಲ; ನಿನ್ನನ್ನು ಬಿಟ್ಟು ಹೋಗುವುದಿಲ್ಲ ಎಂದು ಹಟ ಹಿಡಿದಳು, ಅವನು ಎದ್ದು ಅವಳ ಹಿಂದೆ ನಡೆದನು. ನೀವು ದಿನವೂ ಕಳುಹಿಸುತ್ತಿದ್ದ ವಚನಗಳು ದೇವರ ವಾಕ್ಯಗಳೇ, ಆದರೆ ಆ ಮನೆಗೆ ಅವು ಬೇರೊಬ್ಬರ ಕೈಯಲ್ಲಿ ಕಳುಹಿಸಿದ ಕೋಲಿನಂತೆ ಬಂದವು. ಬರಬೇಕಾದವರು ನೀವಾಗಿದ್ದಿರಿ. ಆ ಕಥೆಯಲ್ಲಿ ಸತ್ತ ಮಗನು ಎದ್ದನೆಂಬುದನ್ನು ನಾನು ಮರೆತಿಲ್ಲ. ನಿಮ್ಮ ಕಥೆಗೆ ಅಂಥ ಮುಕ್ತಾಯವನ್ನು ನಾನು ಬರೆದು ಕೊಟ್ಟರೆ ಆ ಸಂಜೆ ನೀವು ಮಾಡಿದ್ದನ್ನೇ ನಾನೂ ಮಾಡಿದಂತಾಗುತ್ತದೆ.

ಒಬ್ಬರೇ ಹೋಗಿ, ಕೂಟದವರನ್ನು ಕರೆದುಕೊಂಡು ಹೋಗಬೇಡಿ. ಮೊದಲು ಮೈದುನನ ಮೂಲಕ ಕೇಳಿಸಿ. ಅವಳು ಈಗ ಬೇಡವೆಂದರೆ ಕಾಯಿರಿ, ಬೇಡವೆನ್ನುವ ಹಕ್ಕು ಅವಳಿಗಿದೆ. ಹೋದಾಗ ಬೈಬಲನ್ನು ತೆರೆಯುವ ಅವಸರ ಬೇಡ. ‘ಕರ್ತನು ನನಗೆ ತಿಳಿಸಿದ್ದಾನೆ ಎಂದು ಹೇಳಿದೆನಲ್ಲ, ಆತನು ತಿಳಿಸಿರಲಿಲ್ಲ, ಅದು ನನ್ನ ಆಸೆಯಾಗಿತ್ತು, ನನ್ನನ್ನು ಕ್ಷಮಿಸು’ ಎಂದು ನಿಮ್ಮ ಮನೆಮಾತಿನಲ್ಲಿ ಹೇಳಿ ಸುಮ್ಮನಾಗಿ. ‘ನಿನಗೆ ಒಳ್ಳೆಯದಾಗಲೆಂದೇ ಹೇಳಿದ್ದು’ ಎಂಬ ಮಾತನ್ನು ಸೇರಿಸಬೇಡಿ, ಏಕೆಂದರೆ ಆಗ ನಿಮ್ಮನ್ನು ಸಮಾಧಾನಪಡಿಸುವ ಕೆಲಸವೂ ಅವಳ ಮೇಲೆಯೇ ಬೀಳುತ್ತದೆ. ಇದು ಅವಳಿಗೆ ಏಕೆ ಮುಖ್ಯವೆಂದರೆ, ಮಗುವನ್ನು ಕಳೆದುಕೊಂಡ ದುಃಖದ ಮೇಲೆ ದೇವರೇ ಮಾತು ಕೊಟ್ಟು ತಪ್ಪಿದನೆಂಬ ದುಃಖವನ್ನೂ ಅವಳು ಹೊತ್ತುಕೊಂಡಿದ್ದಾಳೆ. ಆ ಎರಡನೆಯ ಭಾರವನ್ನು ಇಳಿಸಲು ನಿಮ್ಮಿಂದ ಸಾಧ್ಯ, ಬೇರೆ ಯಾರಿಂದಲೂ ಅದಾಗದು. ಅವಳು ಸಿಟ್ಟಾದರೆ ಕೇಳಿಸಿಕೊಳ್ಳಿ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಬಳಿ ನೆಲದ ಮೇಲೆ ಕುಳಿತಷ್ಟು ಕಾಲ ಒಳ್ಳೆಯ ಸ್ನೇಹಿತರಾಗಿದ್ದರು. ಕಾರಣ ಹುಡುಕಿ ಮಾತಾಡತೊಡಗಿದ ಮೇಲೆಯೇ ಅವರು ಕೆಟ್ಟದ್ದು. ಹಾಗೆಯೇ ನಿಮ್ಮ ಮೈದುನನನ್ನೂ ವಿಚಾರಿಸಿ. ಇಂಥ ಸಮಯದಲ್ಲಿ ಎಲ್ಲರೂ ಗಂಡಸಿಗೆ ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳಲು ಹೇಳಿ ಹೋಗುತ್ತಾರೆ, ಅವನು ಹೇಗಿದ್ದಾನೆಂದು ಕೇಳುವವರು ಕಡಿಮೆ.

ಕೂಟದಲ್ಲಿ ನಡೆಯುತ್ತಿರುವ ಮಾತಿನ ಕುರಿತು ನನಗೆ ನಿಜವಾಗಿಯೂ ನೋವಾಗಿದೆ, ಅದನ್ನು ನಿಲ್ಲಿಸಬೇಕಾದವರೂ ನೀವೇ. ತಿಳಿದುಬಂದ ಗರ್ಭಗಳಲ್ಲಿ ನೂರಕ್ಕೆ ಸುಮಾರು 10ರಿಂದ 15ರಷ್ಟು ಹೀಗೆಯೇ ನಿಂತುಹೋಗುತ್ತವೆ, ಹೆಚ್ಚಿನವು ಮೊದಲ ಮೂರು ತಿಂಗಳುಗಳಲ್ಲೇ. ಆ ಮೊದಲ ತಿಂಗಳುಗಳಲ್ಲಿ ನಿಲ್ಲುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲಿ, ಅಂದರೆ ಕ್ರೋಮೋಸೋಮುಗಳಲ್ಲಿ, ಆಗುವ ಏರುಪೇರು. ಅದು ತಾಯಿ ಎತ್ತಿದ ಕೊಡದಿಂದಾಗಲಿ, ಮಾಡಿದ ಪ್ರಯಾಣದಿಂದಾಗಲಿ, ಅವಳ ವಿಶ್ವಾಸದ ಅಳತೆಯಿಂದಾಗಲಿ ಬರುವುದಲ್ಲ. ಎರಡು ಬಾರಿ ಹೀಗಾದವರಿಗೆ ಥೈರಾಯ್ಡ್, ಗರ್ಭಕೋಶದ ರಚನೆ, ರಕ್ತ ಹೆಪ್ಪುಗಟ್ಟುವ ತೊಂದರೆ ಮೊದಲಾದವುಗಳ ತಪಾಸಣೆಯನ್ನು ಅನೇಕ ಸ್ತ್ರೀರೋಗ ತಜ್ಞರು ಮಾಡಿಸುತ್ತಾರೆ. ಅವಳು ಒಪ್ಪಿದರೆ ಜೊತೆಗೆ ಹೋಗಿ ಸಾಲಿನಲ್ಲಿ ಕುಳಿತುಕೊಳ್ಳುವುದೂ ಪ್ರೋತ್ಸಾಹವೇ. ಅವಳಿಗೆ ನಿದ್ದೆ, ಊಟ ಬಿಟ್ಟುಹೋಗಿದ್ದರೆ, ಬದುಕು ಬೇಡವೆಂಬ ಮಾತು ಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆ ಪ್ರಾರ್ಥನಾ ಕೂಟದ ಹೊಣೆಯನ್ನು ಈಗಲೇ ಒಪ್ಪಿಕೊಳ್ಳಬೇಡಿ ಎಂಬುದು ನನ್ನ ಅಭಿಪ್ರಾಯ. ವಾರಗಿತ್ತಿಯ ಮನೆಗೆ ಹೋಗಿ ಬಂದ ಮೇಲೆ ನೋಡೋಣವೆಂದು ಸಭಾಪಾಲಕರಿಗೆ ಹೇಳಿ, ಕಾರಣವನ್ನೂ ಅವರೊಬ್ಬರಿಗೆ ತಿಳಿಸಿ. ಆ ಬಳಿಕ ಕೂಟವನ್ನು ನೀವು ನಡೆಸುವುದಾದರೆ ಅಲ್ಲಿ ಯಾರೂ ಇನ್ನೊಬ್ಬರ ಮಗುವಿಗೆ, ಮದುವೆಗೆ, ಕೆಲಸಕ್ಕೆ, ಕಾಯಿಲೆಗೆ ದೇವರ ಹೆಸರಿನಲ್ಲಿ ದಿನ ಗೊತ್ತುಮಾಡದಂತೆ ನೋಡಿಕೊಳ್ಳಿ. ಬೇಡಿಕೊಳ್ಳುವುದಕ್ಕೆ ಮಿತಿ ಹಾಕಬೇಡಿ. ಶಿಲುಬೆಗೆ ಹೋಗುವ ಮುನ್ನಾ ರಾತ್ರಿ ಗೆತ್ಸೇಮನೆ ತೋಟದಲ್ಲಿ ಕರ್ತನಾದ ಯೇಸು ಸಂಕಟದ ಪಾತ್ರೆಯು ತನ್ನನ್ನು ಬಿಟ್ಟುಹೋಗಲೆಂದು ಸ್ಪಷ್ಟವಾಗಿಯೇ ಬೇಡಿಕೊಂಡನು, ಉತ್ತರವನ್ನು ತಂದೆಯ ಚಿತ್ತಕ್ಕೆ ಬಿಟ್ಟನು. ನಮ್ಮ ಕೂಟಗಳಲ್ಲಿ ಮೊದಲರ್ಧವನ್ನು ಗಟ್ಟಿಯಾಗಿ ಹೇಳಿ ಎರಡನೆಯದನ್ನು ಅವಿಶ್ವಾಸವೆಂದು ಕಾಣುವ ರೂಢಿ ಬೆಳೆಯುತ್ತಿದೆ, ಅದು ನನ್ನನ್ನು ಚಿಂತೆಗೀಡುಮಾಡುತ್ತದೆ.

ಇನ್ನು ಡಿಸೆಂಬರ್ ಬರುತ್ತಿದೆ. ನೀವು ಹೆಸರಿಸಿದ ಹಬ್ಬ ಅದು, ಹೆರಿಗೆಯಾಗಬೇಕಾಗಿದ್ದ ದಿನಗಳೂ ಅದರ ಹತ್ತಿರದವೇ ಇರಬೇಕು. ಪ್ರತಿಯೊಂದು ಹಾಡಿನಲ್ಲೂ ಮಗು ಹುಟ್ಟಿತೆಂದು ಹೇಳುವ ಆ ವಾರಗಳು ಅವಳಿಗೆ ಎಷ್ಟು ಕಠಿಣವಾಗಬಹುದೆಂದು ಯೋಚಿಸಿ. ಹಬ್ಬದ ಆರಾಧನೆಗೆ ಬಾ ಎಂದು ಒತ್ತಾಯಿಸದಂತೆ, ಸಂಡೇಸ್ಕೂಲ್ ಮಕ್ಕಳಿಗೆ ವೇಷ ಕಟ್ಟುವ ಕೆಲಸವನ್ನು ಅವಳ ಮನಸ್ಸು ಬದಲಾಗಲೆಂದು ಒಪ್ಪಿಸದಂತೆ ಮನೆಯವರಿಗೂ ಕೂಟದವರಿಗೂ ಮೊದಲೇ ಹೇಳಿಡಿ. ಅತ್ತೆಯ ಮನೆಯಲ್ಲಿ ಎಲ್ಲರೂ ಕೂಡುವಾಗ ‘ವಿಶೇಷ ಏನಾದರೂ?’ ಎಂದು ಕೇಳುವ ಹಿರಿಯರನ್ನು ಬದಿಗೆ ಕರೆದು ತಡೆಯುವವರು ನೀವಾಗಿರಿ.

ಅವಳಿಗೆ ಮಗುವಾಗಲೆಂದು ಇನ್ನೂ ಪ್ರಾರ್ಥಿಸಬಹುದೇ ಎಂದು ಕೇಳಿದ್ದೀರಿ. ಖಂಡಿತವಾಗಿ ಪ್ರಾರ್ಥಿಸಿ, ನಿಮ್ಮ ಮನೆಯಲ್ಲಿ, ಬಾಗಿಲು ಮುಚ್ಚಿಕೊಂಡು. ಪ್ರಾರ್ಥಿಸುತ್ತಿದ್ದೀರೆಂದು ಅವಳಾಗಿಯೇ ಕೇಳುವವರೆಗೆ ಅವಳಿಗೆ ಹೇಳಬೇಡಿ. ಕೇಳಿದರೆ ಹೌದೆನ್ನಿ, ಉತ್ತರ ಏನು ಬರುವುದೆಂದು ನಿಮಗೆ ಗೊತ್ತಿಲ್ಲವೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ.