ತೂಕ ಒಂದೇ, ಮೈಗಾತ್ರ ಬೇರೆ

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಪ್ರೋಟೀನ್ ತೂಗುವ ಕೆಲಸ ಮಾಡುತ್ತಾಳೆ. ಹೋದ ಸಲ ಊರಿಗೆ ಬಂದಾಗ, ‘ಹೊಸ ಮಷಿನ್ ಬಂದಿದೆ ಅಪ್ಪ. ತೂಕ ಹಾಕೋಕೆ ಮುಂಚೆ ಗಾಳಿಯಲ್ಲಿ ಬೇರೆ ಮಾಡುತ್ತೆ, ಅದಕ್ಕೇ ಕೆಲಸ ಬೇಗ ಆಗುತ್ತೆ’ ಅಂದಳು. ತೂಕ ಗೊತ್ತಾದ ಮೇಲೆ ಗಾಳಿ ಯಾಕೆ? ಇನ್ನೊಂದು ಕೆಲಸ ಸೇರಿಸಿದರೆ ತಡ ಆಗಬೇಕಲ್ವಾ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಮಗಳು ಮಾಡುವ ಕೆಲಸವನ್ನೇ ನಾನು 14 ವರ್ಷದಿಂದ ಮಾಡುತ್ತಿದ್ದೇನೆ. ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು.

ಪ್ರೋಟೀನನ್ನು ನಾವು ಸಾಮಾನ್ಯವಾಗಿ ಇಡಿಯಾಗಿ ತೂಗುವುದಿಲ್ಲ. ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ತುಂಡು ಮಾಡುತ್ತೇವೆ. ನಾವು ತಿಂದ ಬೇಳೆಯ ಪ್ರೋಟೀನನ್ನು ಕರುಳಿನಲ್ಲಿ ಕತ್ತರಿಸುವುದೂ ಅದೇ ಟ್ರಿಪ್ಸಿನ್. ಈ ತುಂಡುಗಳಿಗೆ ಪೆಪ್ಟೈಡ್ ಅನ್ನುತ್ತೇವೆ. ಅವನ್ನು ಸಣ್ಣ ಸೂಜಿಯ ತುದಿಯಿಂದ ಸಿಂಪಡಿಸಿ, ವಿದ್ಯುತ್ ಚಾರ್ಜ್ ಕೊಟ್ಟು ಮಷಿನ್ ಒಳಗೆ ಹಾರಿಸುತ್ತೇವೆ. ದೊಡ್ಡ ಅಣುವನ್ನು ಒಡೆಯದೆ ಹೀಗೆ ಹಾರಿಸುವ ದಾರಿ ತೋರಿಸಿದ ಜಾನ್ ಫೆನ್ ಅವರಿಗೆ 2002ರಲ್ಲಿ ನೊಬೆಲ್ ಬಂತು.

ತೊಡಕು ಶುರುವಾಗುವುದು ಇಲ್ಲಿಂದ. ಒಂದು ಸ್ಯಾಂಪಲ್‌ನಲ್ಲಿ ಸಾವಿರಾರು ಪ್ರೋಟೀನ್ ಇರುತ್ತವೆ, ತುಂಡುಗಳು ಲಕ್ಷ ದಾಟುತ್ತವೆ. ‘ರಸ’, ‘ಸರ’ ಎರಡನ್ನೂ ಅಕ್ಷರ ಲೆಕ್ಕದಲ್ಲಿ ತೂಗಿದರೆ ತಕ್ಕಡಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಪದ ಮಾತ್ರ ಬೇರೆ. ಪೆಪ್ಟೈಡ್‌ಗಳಲ್ಲೂ ಹಾಗೇ. ಅವುಗಳ ಅಕ್ಷರಗಳು ಅಂದರೆ ಅಮೈನೊ ಆಮ್ಲಗಳು. ಅವುಗಳಲ್ಲಿ ಲ್ಯೂಸಿನ್, ಐಸೊಲ್ಯೂಸಿನ್ ಎಂಬ ಎರಡಂತೂ ತೂಕದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದವು. ಅದಕ್ಕೇ ತುಂಡನ್ನು ಮಷಿನ್ ಒಳಗೆ ಮತ್ತೆ ಒಡೆದು, ಚೂರುಗಳನ್ನೂ ತೂಗಿ, ಅದು ಯಾವುದು ಅಂತ ಗುರುತಿಸುತ್ತೇವೆ. ಒಂದೇ ತೂಕದ ಎರಡು ತುಂಡು ಒಟ್ಟಿಗೆ ನುಗ್ಗಿದರೆ, ಹೀಗೆ ಒಡೆದು ನೋಡಿದಾಗ ಎರಡರ ಚೂರೂ ಕಲಸಿಹೋಗುತ್ತವೆ.

ಈಗ ಗಾಳಿ ಯಾಕೆ ಅಂದಿರಲ್ಲ, ಅದಕ್ಕೆ ಬರೋಣ. ನಿಮ್ಮ ಕಡೆ ಕಣದಲ್ಲಿ ರಾಗಿ ತೂರುವುದನ್ನು ನೋಡಿಯೇ ಇರುತ್ತೀರಿ. ಮೈ ಹರಡಿಕೊಂಡಿದ್ದನ್ನು ಗಾಳಿ ಎಳೆದೊಯ್ಯುತ್ತದೆ, ಗಟ್ಟಿ ಕಾಳು ಹತ್ತಿರವೇ ಬೀಳುತ್ತದೆ. ಈ ಮಷಿನ್‌ನಲ್ಲೂ ಒಂದು ಪುಟ್ಟ ಕಣ ಇದೆ, ಉದ್ದ ಸುಮಾರು 10 ಸೆಂಟಿಮೀಟರ್. ಅದರಲ್ಲಿ ನೈಟ್ರೋಜನ್ ಗಾಳಿ ತುಂಡುಗಳನ್ನು ಮುಂದಕ್ಕೆ ತಳ್ಳುತ್ತದೆ, ವಿದ್ಯುತ್ ಕ್ಷೇತ್ರ ಹಿಂದಕ್ಕೆ ಹಿಡಿದಿಡುತ್ತದೆ. ಹಿಡಿತವನ್ನು ಮೆಲ್ಲಗೆ ಸಡಿಲಿಸುತ್ತಾ ಹೋದರೆ, ಒಂದೇ ಚಾರ್ಜ್ ಇರುವವುಗಳಲ್ಲಿ ಮೈ ಹರಡಿಕೊಂಡವು ಮೊದಲು ಹೊರಡುತ್ತವೆ, ಮುದುಡಿಕೊಂಡವು ಆಮೇಲೆ. ಚಾರ್ಜ್ ಜಾಸ್ತಿ ಇದ್ದಷ್ಟೂ ಹಿಡಿತ ಬಿಗಿ. ಹಾಗಾಗಿ ಒಂದೇ ತೂಕದ ಎರಡು ತುಂಡೂ ಎಷ್ಟೋ ಸಲ ಬೇರೆ ಬೇರೆ ಹೊತ್ತಿಗೆ ಬಾಗಿಲು ದಾಟುತ್ತವೆ. ಎಲ್ಲ ಜೋಡಿಯೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. ಆಕಾರ ತೀರಾ ಹತ್ತಿರ ಇದ್ದರೆ ಅಂಟಿಕೊಂಡೇ ಬರುತ್ತವೆ. (ವಿಮಾನ ನಿಲ್ದಾಣದಲ್ಲಿ ಬ್ಯಾಗಿನ ಮೇಲೆ ಬಟ್ಟೆಯ ಪಟ್ಟಿ ಒರೆಸಿ ಒಂದು ಪೆಟ್ಟಿಗೆಗೆ ಹಾಕುತ್ತಾರಲ್ಲ, ಅಂಥ ಎಷ್ಟೋ ಪೆಟ್ಟಿಗೆಗಳು ಸ್ಫೋಟಕದ ಸುಳಿವು ಹಿಡಿಯುವುದೂ ಅಣುಗಳನ್ನು ಗಾಳಿಯಲ್ಲಿ ಓಡಿಸಿಯೇ.)

ಇನ್ನು ತಡದ ವಿಷಯ. ಹಳೇ ಮಷಿನ್ ಒಂದು ತುಂಡನ್ನು ಆರಿಸಿ ಒಡೆದು ನೋಡುವಷ್ಟರಲ್ಲಿ ಉಳಿದವೆಲ್ಲ ಸುಮ್ನೆ ಹರಿದು ಪೋಲಾಗುತ್ತಿದ್ದವು. ಹೊಸದರಲ್ಲಿ ಕಣವನ್ನು ಎರಡು ಭಾಗ ಮಾಡಿದ್ದಾರೆ. ಮೊದಲ ಭಾಗ 100 ಮಿಲಿಸೆಕೆಂಡ್ ರಾಶಿ ಕೂಡಿಡುತ್ತದೆ. ಅಷ್ಟರಲ್ಲಿ ಎರಡನೇ ಭಾಗ ಅದಕ್ಕೂ ಮುಂಚೆ ಕೂಡಿಟ್ಟ ರಾಶಿಯನ್ನು ತೂರಿ ಬಿಡುತ್ತದೆ. ಒಂದೊಂದೇ ಗುಂಪು ಬರುತ್ತಿದ್ದಂತೆ ಮಷಿನ್ ಹಿಡಿದು ಒಡೆಯುತ್ತದೆ, ಸೆಕೆಂಡಿಗೆ 100ಕ್ಕೂ ಜಾಸ್ತಿ. ಇದಕ್ಕೆ ‘ಪಾಸೆಫ್’ ಅಂತ ಹೆಸರು. ಜರ್ಮನಿಯ ಮ್ಯೂನಿಕ್ ಪಕ್ಕದ ಮಾರ್ಟಿನ್ಸ್‌ರೀಡ್‌ನಲ್ಲಿ ಮಥಿಯಾಸ್ ಮಾನ್ ಅವರ ತಂಡ, ಬ್ರೂಕರ್ ಕಂಪನಿಯವರ ಜೊತೆ ಸೇರಿ, 2015ರಲ್ಲಿ ಇದನ್ನು ಮೊದಲು ಪ್ರಕಟಿಸಿತು.

ಎಲ್ಲರೂ ವೇಗದ ಮಾತೇ ಆಡುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡದು, ಚಿಟಿಕೆಯಷ್ಟು ಸ್ಯಾಂಪಲ್‌ನಲ್ಲೂ ಕೆಲಸ ಆಗುವುದು. ಕೂಡಿಟ್ಟ ತುಂಡುಗಳು ಒಂದೆರಡು ಮಿಲಿಸೆಕೆಂಡಿನಲ್ಲಿ ಒತ್ತಾಗಿ ಹೊರಬರುತ್ತವೆ, ಹಾಗಾಗಿ ಸಿಗ್ನಲ್ ಎದ್ದು ಕಾಣುತ್ತದೆ.

ಹಳೇ ಮಷಿನ್ ಇದ್ದಾಗಿನ ಒಂದು ದಿನ ನನಗೆ ಮರೆಯುವುದಿಲ್ಲ. ಒಬ್ಬ ವಿದ್ಯಾರ್ಥಿನಿ ಸೂಜಿಯಿಂದ ತೆಗೆದ ಗೆಡ್ಡೆಯ (ಟ್ಯೂಮರ್) ಚೂರು ತಂದಿದ್ದಳು, ಸಾಸಿವೆ ಕಾಳಿಗಿಂತ ಚಿಕ್ಕದು. ಇನ್ನೊಂದು ಚೂರು ಸಿಗುವಂತಿರಲಿಲ್ಲ. ರಾತ್ರಿ ರನ್ ಹಾಕಿ ಬೆಳಿಗ್ಗೆ ನೋಡಿದರೆ, ಪ್ಲಾಸ್ಟಿಕ್ ಟ್ಯೂಬ್ ಬಿಟ್ಟ ಕೊಳೆಯೇ ಪರದೆ ತುಂಬಾ ಎದ್ದು ನಿಂತಿತ್ತು. ಅವಳ ಪೆಪ್ಟೈಡ್‌ಗಳು ಅದರಡಿ ಮುಚ್ಚಿಹೋಗಿದ್ದವು. ಅವಳು ಏನೂ ಮಾತಾಡಲಿಲ್ಲ, ಖಾಲಿ ಟ್ಯೂಬನ್ನು ಐಸ್ ಡಬ್ಬಿಗೆ ವಾಪಸ್ ಇಟ್ಟುಕೊಂಡು ಹೋದಳು.

ಆ ಕೊಳೆಗೆ ಸಾಮಾನ್ಯವಾಗಿ ಒಂದೇ ಚಾರ್ಜ್ ಇರುತ್ತದೆ, ಪೆಪ್ಟೈಡ್‌ಗೆ ಹೆಚ್ಚಾಗಿ ಎರಡು, ಮೂರು. ಗಾಳಿಯಲ್ಲಿ ತೂರಿದರೆ ಎರಡೂ ಬೇರೆ ಬೇರೆ ಪಟ್ಟಿಯಾಗಿ ನಿಲ್ಲುತ್ತವೆ, ಕೊಳೆಯ ಪಟ್ಟಿಯನ್ನು ಮುಟ್ಟದೆ ಬಿಟ್ಟುಬಿಡಬಹುದು. ಆದರೆ ನಮ್ಮ ಕೂದಲು, ಚರ್ಮದಿಂದ ಉದುರುವ ಕೆರಾಟಿನ್ ಕೂಡ ಪ್ರೋಟೀನೇ. ಅದನ್ನು ಈ ಗಾಳಿಯೂ ಬಿಡಿಸಲಾರದು. ಉಣ್ಣೆಯೂ ಕೆರಾಟಿನ್ನೇ, ಅದಕ್ಕೇ ಎಷ್ಟೇ ಚಳಿ ಇದ್ದರೂ ನಾನು ಉಣ್ಣೆಯ ಸ್ವೆಟರ್ ಹಾಕಿಕೊಂಡು ಸ್ಯಾಂಪಲ್ ಹತ್ತಿರ ಹೋಗುವುದಿಲ್ಲ.

ಮಗಳು ಮುಂದಿನ ಸಲ ಬಂದಾಗ ಅವರ ಪರದೆಯ ಚಿತ್ರ ಒಂದನ್ನು ಮೊಬೈಲ್‌ನಲ್ಲಿ ತೋರಿಸಲು ಹೇಳಿ. ಚುಕ್ಕಿಗಳು ಮೋಡದ ಹಾಗೆ ಓರೆಯಾಗಿ ಹರಡಿರುತ್ತವೆ. ಪಕ್ಕದಲ್ಲಿ ಬೇರೆಯಾಗಿ ನಿಂತ ಸಣ್ಣ ಪಟ್ಟಿ ಯಾವುದು ಅಂತ ಕೇಳಿ. ತೂರಿದ ಜೊಳ್ಳು ಅದೇ.