ಪೋರ್ಟಾ ಪ್ರೋಗಿಂತ ಪಿಎಕ್ಸ್ 100 ಚೆನ್ನಾಗಿದೆಯಾ?

ಒಂದೇ ವಾಲ್ಯೂಮಿನಲ್ಲಿ ಕಾಸ್ ಪೋರ್ಟಾ ಪ್ರೋ ಹೆಡ್‌ಫೋನ್ ಸಪ್ಪೆ, ಸೆನ್‌ಹೈಸರ್ ಪಿಎಕ್ಸ್ 100 ಹೆಡ್‌ಫೋನ್ ಚೆನ್ನಾಗಿದೆ ಅಂದಿರಲ್ಲ, ಅದು ಬಹುಶಃ ಸದ್ದಿನ ಮಟ್ಟದ ವ್ಯತ್ಯಾಸ ಅಷ್ಟೇ. ಪೋರ್ಟಾ ಪ್ರೋದ ವಿದ್ಯುತ್ ತಡೆ 60 ಓಮ್, ಪಿಎಕ್ಸ್‌ನದು 32 ಓಮ್. ಫೋನಿನಲ್ಲಿ ಒಂದೇ ಗೆರೆಗೆ ಇಟ್ಟರೂ ಎರಡರ ಸದ್ದು ಸಮ ಇರಬೇಕೆಂದಿಲ್ಲ, ಪಿಎಕ್ಸ್ ಜೋರಾಗಿರಬಹುದು. ಜೋರಾಗಿರುವುದೇ ಕಿವಿಗೆ ಚೆಂದ ಅನಿಸುತ್ತದೆ, ಅಲ್ವಾ?

ಮೊದಲು ಫೋನಿನ ಈಕ್ವಲೈಸರ್ (ಬೇಸ್, ಟ್ರೆಬಲ್ ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಆಫ್ ಮಾಡಿ. ಒಂದು ಸಂಗೀತ ಕಛೇರಿಯ ರೆಕಾರ್ಡಿಂಗ್ ಹಾಕಿ, ಹಾಡುವವರ ದನಿ ಎರಡರಲ್ಲೂ ಸಮ ಆಗುವ ತನಕ ಪೋರ್ಟಾ ಪ್ರೋ ವಾಲ್ಯೂಮ್ ಏರಿಸಿ. ಆಮೇಲೆ ಪೋರ್ಟಾ ಪ್ರೋದಲ್ಲಿ ಮೃದಂಗದ ತೊಪ್ಪಿ (ದಪ್ಪ ದನಿಯ ಎಡಬದಿ) ಕೇಳಿ. ಗುಮ್ ಅನ್ನದೆ ಬರೀ ಟಪ್ ಅಂದರೆ ಅದರ ಫೋಮ್ ಮೆತ್ತೆ ಕಿವಿಗೆ ಸರಿಯಾಗಿ ಕೂತಿಲ್ಲದಿರಬಹುದು. ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಬೇಸ್ ಬಂದರೆ ಕಿವಿಯ ಮೇಲಿರುವ ಸ್ಲೈಡರನ್ನು 'ಫರ್ಮ್' (ಬಿಗಿ) ಕಡೆ ತಳ್ಳಿ. ಬರದಿದ್ದರೆ ಫೋಮ್ ಸವೆದಿರಬಹುದು, ನೋಡದೆ ಖಚಿತವಾಗಿ ಹೇಳಲಾರೆ. ಹೊಸ ಫೋಮ್ ಹಾಕಿ ಮತ್ತೆ ಹೋಲಿಸಿ.